ಇಲ್ಲಿ ಯಾರಾದ್ರೂ ಇದ್ದಾರಾ?

ಮನೆ ನೋಡಲು ಬಂದಿದ್ದವರೊಬ್ಬರು ಹಾಲ್‌ನ ನಡುವೆ ನಿಂತು ಸುತ್ತ ಕಣ್ಣಾಡಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇಲ್ಲಿ ಯಾರಾದ್ರೂ ಇದ್ದಾರಾ, ಇಲ್ಲಾ ಖಾಲಿ ಬಿದ್ದಿರೋ ಮನೆನಾ?" ನಾನು ಎರಡು ಹೆಜ್ಜೆ ಆಚೆಗೇ ನಿಂತಿದ್ದೆ. ಆ ಮನೆಯಲ್ಲಿ 11 ವರ್ಷ ಉಂಡು, ಮಲಗಿ, ಜಗಳ ಆಡಿದವನು. ಏಜೆಂಟ್ ಮೇಡಂ ನನ್ನ ಮುಖ ನೋಡಿ ಕಣ್ಣಲ್ಲೇ ನಕ್ಕರು. ಅವರ ಪಾಲಿಗೆ ಅದು ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಹಾಗೆ. ನನಗೆ ಮಾತ್ರ ಆ ಮಾತು ಕ್ಷೌರ ಮಾಡಿಸಿಕೊಂಡು ಬಂದ ಮೇಲೆ ಕಾಲರಿನೊಳಗೆ ಉಳಿದ ಕೂದಲಿನ ಹಾಗೆ ಇವತ್ತಿಗೂ ಚುಚ್ಚುತ್ತದೆ.

ಅವರ ತಪ್ಪೇನೂ ಇಲ್ಲ. ಅವರು ಹಾಗೆ ಕೇಳಲಿ ಅಂತಲೇ ನಾವು ಮೂರು ವಾರ ಬೆವರು ಸುರಿಸಿದ್ದೆವು. ಮಾರುವ ಮುಂಚೆ ಮನೆಯನ್ನು ಸಜ್ಜು ಮಾಡೋದಕ್ಕೆ ಈಗ ಹೋಮ್ ಸ್ಟೇಜಿಂಗ್ ಅಂತ ಹೆಸರಿದೆ. ಹೆಸರು ಕೇಳಿದಾಗ ಸೋಫಾ ಬದಲಾಯಿಸೋದು, ಹೂದಾನಿ ತಂದಿಡೋದು ಅಂದುಕೊಂಡಿದ್ದೆ. ನಿಜವಾಗಿ ನಡೆದಿದ್ದು ಅದರ ಉಲ್ಟಾ. ತಂದಿದ್ದಕ್ಕಿಂತ ಹೊರಗೆ ಹಾಕಿದ್ದೇ ಜಾಸ್ತಿ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಚೀಟಿಗಳು ಹೋದವು, ಗೋಡೆಯ ಫೋಟೋಗಳು ಇಳಿದವು, ಬೀರು ಮೇಲಿದ್ದ ಸೂಟ್‌ಕೇಸುಗಳು ತಮ್ಮನ ಮನೆ ಸೇರಿದವು.

ಮತ್ತೆ ರಿಪೇರಿ. ಬಚ್ಚಲಿನ ನಲ್ಲಿ ಎಷ್ಟು ವರ್ಷದಿಂದ ತೊಟ್ಟಿಕ್ಕುತ್ತಿತ್ತೋ ನೆನಪಿಲ್ಲ. ಕೆಳಗೊಂದು ಮಗ್ ಇಟ್ಟು ರಾಜಿ ಮಾಡಿಕೊಂಡಿದ್ದೆವು. ವಾಷರ್ ಬದಲಾಯಿಸಲು ಪ್ಲಂಬರ್ ತಗೊಂಡಿದ್ದು 10 ನಿಮಿಷ. ರೂಮಿನ ಬಾಗಿಲು ರಾತ್ರಿ ಹೊತ್ತು ಕಿರ್ರ್ ಎಂದು ಮನೆಯನ್ನೆಲ್ಲ ಎಬ್ಬಿಸುತ್ತಿತ್ತು; ಹಿಂಜಿಗೆ ನಾಲ್ಕು ಹನಿ ಎಣ್ಣೆ ಬಿಟ್ಟಿದ್ದೇ ಬಾಯಿ ಮುಚ್ಚಿತು. ಮೆಟ್ಟಿಲ ಮೇಲಿನ ಬಲ್ಬು ಹೋಗಿ ಎಷ್ಟೋ ಕಾಲವಾಗಿ, ಕತ್ತಲಲ್ಲಿ ಮೆಟ್ಟಿಲು ಎಣಿಸಿಕೊಂಡು ಹತ್ತೋದು ನಮಗೆಲ್ಲ ಬಾಯಿಪಾಠವಾಗಿತ್ತು. ಅದಕ್ಕೂ ಹೊಸ ಬಲ್ಬು ಬಂತು. ಕಿಟಕಿ ಗಾಜು ಒಳಗೂ ಹೊರಗೂ ತೊಳೆದ ದಿನ ನನ್ನ ಹೆಂಡತಿ ಹಾಲ್‌ನಲ್ಲಿ ಬಿದ್ದ ಬಿಸಿಲು ನೋಡಿ ಸುಮ್ನೆ ನಿಂತುಬಿಟ್ಟಳು. "ಇಷ್ಟು ಚೆನ್ನಾಗಿರೋ ಮನೇನ ಯಾಕ್ರೀ ಮಾರ್ತಿದ್ದೀವಿ?" ಅಂದಳು. ತಮಾಷೆಗೆ ಅಂದಿದ್ದು. ಆದರೂ ಆ ರಾತ್ರಿ ಇಬ್ಬರಿಗೂ ಬೇಗ ನಿದ್ದೆ ಬರಲಿಲ್ಲ. ಗುರುತು ಪರಿಚಯ ಇಲ್ಲದ ಯಾರೋ 15 ನಿಮಿಷ ಓಡಾಡಿ ಹೋಗಲಿ ಅಂತ ಮಾಡಿದ್ದನ್ನು, ನಮಗಾಗಿ ಒಂದು ದಿನವೂ ಮಾಡಿಕೊಂಡಿರಲಿಲ್ಲ.

ಅಮ್ಮನ ಕುರ್ಚಿ

ಏಜೆಂಟ್ ಮೇಡಂ ಮೊದಲ ದಿನ ಬಂದಾಗ ಕೈಯಲ್ಲಿ ಪುಸ್ತಕ, ಪೆನ್ನು ಏನೂ ಇರಲಿಲ್ಲ. ಫೋನ್ ಹಿಡಿದುಕೊಂಡು ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ಒಂದೊಂದು ಫೋಟೋ ತೆಗೆದರು. "ಸರ್, ಮನೇನ ಕಣ್ಣಲ್ಲಿ ನೋಡ್ಬೇಡಿ, ಫೋನಲ್ಲಿ ನೋಡಿ" ಅಂದರು. ನೋಡಿದೆ. ನಾಚಿಕೆಯಾಯಿತು. ಟಿವಿ ಹಿಂದಿನಿಂದ ಇಳಿಬಿದ್ದ ವೈರುಗಳು, ಬಾಗಿಲ ಹಿಂದೆ ಒಂದರ ಮೇಲೊಂದು ನೇತಾಡುವ ಬಟ್ಟೆ, ಸ್ವಿಚ್ ಬೋರ್ಡಿನ ಸುತ್ತ ಬೆರಳಿನ ಕರೆ. ದಿನಾ ನೋಡುವ ಕಣ್ಣು ಇದನ್ನೆಲ್ಲ ಅಳಿಸಿಹಾಕಿಬಿಡುತ್ತದೆ. ಕ್ಯಾಮೆರಾಗೆ ಆ ದಾಕ್ಷಿಣ್ಯ ಇಲ್ಲ. ಕೊಳ್ಳುವವರು ಈಗ ಮನೆಯನ್ನು ಮೊದಲು ನೋಡೋದೂ ಫೋನಿನಲ್ಲೇ ತಾನೇ. ಅಲ್ಲಿ ಹಿಡಿಸದಿದ್ದರೆ ಬಾಗಿಲಿನವರೆಗೂ ಬರುವುದಿಲ್ಲ.

ಹಾಲ್‌ನ ಫೋಟೋ ತೆಗೆದವರು ಒಂದು ಕ್ಷಣ ತಡೆದರು. ಕಿಟಕಿಗೆ ಬೆನ್ನು ಮಾಡಿ ಅಮ್ಮನ ಕುರ್ಚಿ ಇತ್ತು. ಎತ್ತರದ ಬೆನ್ನಿನ ಹಳೇ ಮರದ ಕುರ್ಚಿ, ಅದರ ಮೇಲೆ ಎರಡು ದಿಂಬು, ಕೈಗೆ ಸಿಗುವ ಹಾಗೆ ಸ್ಟೂಲು, ಸ್ಟೂಲಿನ ಮೇಲೆ ಮಾತ್ರೆ ಡಬ್ಬಿ, ಕನ್ನಡಕ, ರೇಡಿಯೊ. ಬಾಗಿಲು ತೆಗೆದವರ ಕಣ್ಣು ಮೊದಲು ಹೋಗೋದು ಬೆಳಕು ಬರುವ ಕಡೆಗೆ, ಅಲ್ಲಿ ಏನಾದರೂ ಅಡ್ಡ ನಿಂತರೆ ಇಡೀ ಕೋಣೆ ಸಣ್ಣದು ಅನ್ನಿಸುತ್ತದೆ, ಅದಕ್ಕೇ ಕುರ್ಚಿ ಬೇರೆ ಕಡೆ ಇಟ್ಟರೆ ಒಳ್ಳೆಯದು ಎಂದು ಮೇಡಂ ಆದಷ್ಟು ನಯವಾಗಿ ಹೇಳಿದರು. ಅಮ್ಮ ಕೂತಲ್ಲಿಂದಲೇ ಕೇಳಿಸಿಕೊಂಡರು. "ಕುರ್ಚಿ ಅಡ್ಡ ಆದ್ರೆ, ನಾನೂ ಅಡ್ಡಾನೇ ಅಲ್ವಾ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮೇಡಂ ಮಾತ್ರ ತಡಬಡಾಯಿಸಲಿಲ್ಲ. ಅಮ್ಮನ ಎದುರು ಮೊಣಕಾಲೂರಿ ಕೂತರು. "ಅಮ್ಮಾ, ನೀವಿಲ್ಲಿ ಕೂತಿದ್ರೆ ನೋಡಿದವರಿಗೆಲ್ಲ ಇದು ನಿಮ್ಮ ಮನೆ ಅಂತ ಗೊತ್ತಾಗಿಬಿಡತ್ತೆ. ಬಂದವರಿಗೆ ಇದು ತಮ್ಮ ಮನೆ ಅನ್ನಿಸ್ಬೇಕಲ್ವಾ?"

"ಇನ್ನೂ ಮಾರಿಲ್ವಲ್ಲ ತಾಯಿ" ಅಂದರು ಅಮ್ಮ.

ಕುರ್ಚಿ ಮೇಲಿನ ಕೋಣೆಗೆ ಹೋಯಿತು. ಯಾರಾದರೂ ನೋಡಲು ಬರುವ ಹೊತ್ತಿಗೆ ಅಮ್ಮನನ್ನು ಪಕ್ಕದ ಮನೆಯಲ್ಲಿ ಕೂರಿಸಿ ಬರುತ್ತಿದ್ದೆವು. ಒಂದು ಸಲ ಹಾಗೆ ಕರೆದುಕೊಂಡು ಹೋಗುವಾಗ, "ಇವರು ಕೊಳ್ಳೋರ ಥರ ಇದ್ದಾರಾ, ಸುಮ್ನೆ ನೋಡೋರಾ?" ಎಂದು ಕೇಳಿದರು. ಆಟದ ನಿಯಮ ಅವರಿಗೆ ನನಗಿಂತ ಬೇಗ ಅರ್ಥವಾಗಿತ್ತು ಅನ್ನಿಸುತ್ತದೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ, ಅದು ಮನೆಗೂ ಸಲ್ಲುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಫೋಟೋಗಳನ್ನು ಇಳಿಸಿ ಅಂದಾಗ ಮೊದಲು ಕೋಪ ಬಂತು. ಆಮೇಲೆ ನಾನೇ ಮನೆ ಹುಡುಕುತ್ತಿದ್ದ ಕಾಲ ನೆನಪಾಯಿತು. ಒಂದು ಮನೆಯಲ್ಲಿ ಗೋಡೆ ತುಂಬ ಪದವಿ ಪ್ರದಾನದ ಫೋಟೋಗಳಿದ್ದವು. ಹೊರಗೆ ಬಂದಾಗ ಆ ಮನೆಯ ಮಗಳು ಏನು ಓದಿದ್ದಾಳೆ ಅಂತ ನನಗೆ ಗೊತ್ತಿತ್ತು, ಅಡುಗೆಮನೆಗೆ ಎಷ್ಟು ಕಿಟಕಿ ಅಂತ ಗೊತ್ತಿರಲಿಲ್ಲ. ಇನ್ನೊಂದು ಮನೆಯಲ್ಲಿ ಅರ್ಧ ಖಾಲಿಯಾದ ಬೀರು, ಮೂಲೆಯಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು. ಇವರಿಗೆ ಅವಸರ ಇದೆ ಎಂದು ತಕ್ಷಣ ಹೊಳೆಯಿತು. ಚೌಕಾಸಿ ಮಾಡುವಾಗ ಆ ಪೆಟ್ಟಿಗೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಮನೆ ಎಷ್ಟೊಂದು ಮಾತಾಡುತ್ತದೆ ನೋಡಿ. ಮೇಜಿನ ಮೇಲಿನ ಮಾತ್ರೆ ಮನೆಯವರ ಕಾಯಿಲೆ ಹೇಳುತ್ತದೆ, ತೆರೆದಿಟ್ಟ ಬ್ಯಾಂಕಿನ ಪತ್ರ ಸಾಲ ಹೇಳುತ್ತದೆ. ತುಂಬಿ ತುಳುಕುವ ಅಲಮಾರಿಯಂತೂ 'ಇಲ್ಲಿ ಜಾಗ ಸಾಲಲ್ಲ' ಅಂತ ಬಾಯಿಬಿಟ್ಟೇ ಹೇಳುತ್ತದೆ. (ಬಂದವರು ಅಲಮಾರಿ ತೆಗೆಯಲ್ಲ ಅಂದುಕೊಳ್ಳಬೇಡಿ. ತೆಗೀತಾರೆ. ಫ್ಲಶ್ ಕೂಡ ಎಳೆದು ನೋಡ್ತಾರೆ.)

ವಾಸನೆ

ಇದನ್ನು ಬರೆಯಲು ಸ್ವಲ್ಪ ಮುಜುಗರವೇ. ನನ್ನ ಹಳೇ ಗೆಳತಿಯೊಬ್ಬಳನ್ನು ಮನೆ ನೋಡಿ ಹೇಳು ಎಂದು ಕರೆದಿದ್ದೆ. ಮುಲಾಜಿಲ್ಲದೆ ಮಾತಾಡುವವಳು. ಒಳಗೆ ಕಾಲಿಟ್ಟವಳೇ, "ನಿಮ್ಮ ಮನೆ ವಾಸನೆ ಇನ್ನೂ ಹಾಗೇ ಇದೆ ಕಣೋ" ಅಂದಳು. ಏನು ವಾಸನೆ? ನೋವಿನ ಮುಲಾಮು, ಒದ್ದೆ ಕಾಲೊರಸು, ಹಳೇ ಪುಸ್ತಕ, ಮೂರೂ ಸೇರಿದ ಒಂದು ವಾಸನೆಯಂತೆ. 11 ವರ್ಷ ಅದೇ ಗಾಳಿ ಕುಡಿದವನಿಗೆ ಒಂದು ದಿನವೂ ಅದು ಗೊತ್ತಾಗಿರಲಿಲ್ಲ. ಮೂಗಿನ ಗುಣವೇ ಅಂಥದ್ದು. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ, ಹೊಸದಕ್ಕೆ ಮಾತ್ರ ಎಚ್ಚರವಾಗುತ್ತದೆ. ದೀಪದ ಬುಡದಲ್ಲಿ ಕತ್ತಲೆ ಇದ್ದ ಹಾಗೆ ಮನೆಯೊಡೆಯನ ಮೂಗಿನ ಬುಡದಲ್ಲೇ ಮನೆಯ ವಾಸನೆ.

ನಾನು ಹೋಗಿ ರೂಮ್ ಸ್ಪ್ರೇ ತಂದೆ. ಮೇಡಂ ಅದನ್ನು ಕಂಡವರೇ ಕಸಿದುಕೊಂಡರು. ಘಾಟು ಸುವಾಸನೆ ಬಂದರೆ ಜನಕ್ಕೆ ಮೊದಲು ಬರುವ ಯೋಚನೆ, ಇವರು ಏನು ಮುಚ್ಚಿಡ್ತಿದ್ದಾರೆ ಅಂತಲೇ ಅಂತೆ. ಪರದೆ ಒಗೆಯಿರಿ, ಕಾಲೊರಸು ಎಸೆಯಿರಿ, ಯಾರಾದರೂ ಬರುವ ಒಂದು ಗಂಟೆ ಮುಂಚೆ ಎದುರುಬದುರು ಕಿಟಕಿ ತೆಗೆದಿಡಿ, ಅಷ್ಟೇ ಅಂದರು. ಅಷ್ಟೇ ಮಾಡಿದೆವು. ಮುಲಾಮಿನ ಡಬ್ಬಿ ಅಮ್ಮನ ಸೆರಗಿನ ಗಂಟು ಸೇರಿತು.

ಓದುವ ಕೋಣೆ ಎಂಬ ನಾಟಕ

ಮೇಲೆ ಒಂದು ಕೋಣೆ ಇತ್ತು. ಹೆಸರಿಲ್ಲದ ಕೋಣೆ. ಮುರಿದ ಸೈಕಲ್ಲು, ಹಳೇ ಹಾಸಿಗೆ, ಬೇಡ ಅನ್ನಲೂ ಆಗದ, ಬೇಕು ಅನ್ನಲೂ ಆಗದ ಸಾಮಾನೆಲ್ಲ ಅಲ್ಲಿರುತ್ತಿತ್ತು. ಅದನ್ನೆಲ್ಲ ತೆಗೆದಾಗ ಕೋಣೆ ದೊಡ್ಡದಾಗಿ ಕಾಣುತ್ತದೆ ಅಂದುಕೊಂಡಿದ್ದೆ. ಇನ್ನೂ ಚಿಕ್ಕದಾಗಿ ಕಂಡಿತು! ಬರೀ ನಾಲ್ಕು ಗೋಡೆ ಇದ್ದರೆ ಕಣ್ಣಿಗೆ ಅಳತೆ ಸಿಗುವುದಿಲ್ಲ. ಇಲ್ಲಿ ಮಂಚ ಹಿಡಿಸುತ್ತಾ, ಮೇಜು ಹಿಡಿಸುತ್ತಾ ಅಂತ ಊಹಿಸೋದು ಬಹಳ ಜನಕ್ಕೆ ಆಗಲ್ಲ. ಮೇಡಂ ಅಲ್ಲಿ ಒಂದು ಸಣ್ಣ ಮೇಜು, ಒಂದು ಕುರ್ಚಿ, ಒಂದು ದೀಪ, ನಾಲ್ಕು ಪುಸ್ತಕ ಇಡಿಸಿದರು. ಬಲ್ಬು ಮಾತ್ರ ಬಿಳಿ ಬೇಡ, ಹಳದಿ ಬೆಳಕಿನದೇ ಬೇಕು ಅಂತ ಹಟ ಹಿಡಿದರು, ಡಬ್ಬಿಯ ಮೇಲೆ 2700ರಿಂದ 3000 ಕೆಲ್ವಿನ್ ಅಂತ ಬರೆದಿರುತ್ತದಲ್ಲ, ಅದು. ಸಂಜೆ ದೀಪ ಹಾಕಿದಾಗ ನನ್ನ ಮನೆಯಲ್ಲಿ ನಾನೇ ಕಾಣದ ಒಂದು ಕೋಣೆ ಹುಟ್ಟಿಕೊಂಡಿತ್ತು.

ನೋಡಲು ಬಂದವರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಅಲ್ಲೇ. ಒಬ್ಬ ಹುಡುಗಿ ಆ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕೈ ಚಾಚಿ ನೋಡಿದಳು. ಅಪ್ಪನಿಗೆ ಏನೋ ಪಿಸುಗುಟ್ಟಿದಳು. ಆ ಕೋಣೆಯಲ್ಲಿ ನಮ್ಮ ಮನೆಯವರು ಯಾರೂ ಒಂದು ಪುಟ ಓದಿದವರಲ್ಲ ಅಂತ ನಾನು ಹೇಳಲಿಲ್ಲ. ಹೇಳಬೇಕಿತ್ತಾ? ಬಹಳ ಯೋಚಿಸಿದ್ದೇನೆ. ಇಲ್ಲ ಅನ್ನಿಸುತ್ತದೆ. ಅವಳು ಕೊಳ್ಳುತ್ತಿದ್ದುದು ನಮ್ಮ ಓದನ್ನಲ್ಲ, ಓದಬಹುದಾದ ಜಾಗವನ್ನು. ಅದು ಅಲ್ಲಿ ನಿಜವಾಗಿಯೂ ಇತ್ತು. ಮುರಿದ ಸೈಕಲ್ ಕೆಳಗೆ ಹೂತುಹೋಗಿತ್ತು, ಅಷ್ಟೇ.

ಮಾರುವ ಮನೆಯನ್ನು ಸಜ್ಜು ಮಾಡುವ ಈ ಕೆಲಸವನ್ನು ಶುರು ಮಾಡಿದವರು ಎಂದು ಹೆಸರಾದವರು ಅಮೆರಿಕದ ಬಾರ್ಬ್ ಶ್ವಾರ್ಜ್. ಸಿಯಾಟಲ್ ಕಡೆಯ ಮನೆ ಏಜೆಂಟ್. 1972ರಲ್ಲಿ ಅವರು ಇದಕ್ಕೆ 'ಸ್ಟೇಜ್' ಎಂಬ ಪದವನ್ನು ರಂಗಭೂಮಿಯಿಂದ ತಂದರು. ಒಳ್ಳೆಯ ಪದ, ಅಪಾಯದ ಪದವೂ ಹೌದು. ರಂಗದ ಮೇಲೆ ರಟ್ಟಿನ ಗೋಡೆಯೂ ಕಲ್ಲಿನ ಕೋಟೆಯಾಗುತ್ತದೆ. ನಾಟಕ ನೋಡುವವರಿಗೆ ಅದು ರಟ್ಟು ಅಂತ ಗೊತ್ತಿರುತ್ತದೆ, ಟಿಕೆಟ್ ಕೊಟ್ಟೇ ಮೋಸಹೋಗಲು ಬಂದಿರುತ್ತಾರೆ. ಮನೆ ನೋಡಲು ಬಂದವರು ಹಾಗಲ್ಲ.

ಮೂರು ತಿಂಗಳ ಗ್ಯಾರಂಟಿ

ಅಮ್ಮನ ಕುರ್ಚಿ ತೆಗೆದಾಗ ಅದರ ಪಕ್ಕದ ಗೋಡೆಯ ಬುಡ ಬಯಲಾಯಿತು. ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿತ್ತು, ಮುಟ್ಟಿದರೆ ಬಿಳೀ ಪುಡಿ ಉದುರುತ್ತಿತ್ತು. ಆಚೆ ಬದಿ ಬಚ್ಚಲು. ಟೈಲ್ಸಿನ ಸಂದಿಯಿಂದ ಇಳಿದ ನೀರು ಗೋಡೆಯೊಳಗಿನ ಲವಣವನ್ನು ಕರಗಿಸಿಕೊಂಡು ಈಚೆ ಬರುತ್ತದೆ. ನೀರು ಆರಿಹೋಗುತ್ತದೆ, ಲವಣ ಉಳಿಯುತ್ತದೆ, ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮೇಲಿಂದ ಏನು ಬಳಿದರೂ ಅಷ್ಟೇ.

ಬಣ್ಣದವರು ಬಂದು ನೋಡಿದರು. ಉಗುರಿನಿಂದ ಕೆರೆದರು. "ಇದೇನ್ ಸಾರ್, ಕೆರೆದು ಪುಟ್ಟಿ ಎಳೆದು ಎರಡು ಕೋಟ್ ಹೊಡೆದ್ರೆ ಗೊತ್ತೇ ಆಗಲ್ಲ. ಮೂರು ತಿಂಗಳು ಗ್ಯಾರಂಟಿ." ಆಮೇಲೆ ದನಿ ತಗ್ಗಿಸಿ, "ನಿಮಗೆ ಅಷ್ಟು ಸಾಕಲ್ವಾ?" ಅಂದರು.

ಹೂಂ ಅನ್ನಲು ಬಾಯಿ ತೆರೆದಿದ್ದೆ. ಸುಳ್ಳು ಹೇಳುವುದಿಲ್ಲ. ಆದರೆ ಆ ಗೋಡೆಯ ಕಥೆ ನನಗೆ ಗೊತ್ತಿತ್ತು. ನಾವು ಈ ಮನೆ ಕೊಳ್ಳಲು ನೋಡಿದಾಗ ಅದೇ ಜಾಗದಲ್ಲಿ ಒಂದು ಪುಸ್ತಕದ ಕಪಾಟು ಇತ್ತು. ಚೆಂದದ ಕಪಾಟು. ಓದುವ ಜನ ಪಾಪ, ಒಳ್ಳೆಯವರಿರಬೇಕು ಎಂದು ನಾವು ಮಾತಾಡಿಕೊಂಡಿದ್ದೆವು. ಅವರು ಖಾಲಿ ಮಾಡಿಕೊಂಡು ಹೋದ ದಿನ ಕಪಾಟಿನ ಹಿಂದೆ ಗೋಡೆ ಹುಣ್ಣಿನ ಹಾಗೆ ಬಿರಿದಿತ್ತು. ಒಂದು ಸಲ ಬಚ್ಚಲಿನ ಟೈಲ್ಸ್ ಸಂದಿ ತುಂಬಿಸಿದೆವು, ಎರಡು ವರ್ಷ ತಡೆಯಿತು. ಮತ್ತೆ ಬಂದಾಗ ನಾವೂ ಅಮ್ಮನ ಕುರ್ಚಿಯನ್ನು ಅತ್ತ ಸರಿಸಿಕೊಂಡೆವು. ಅಂದರೆ, ನಮಗೇ ಗೊತ್ತಿಲ್ಲದ ಹಾಗೆ ನಾವೂ ಎಷ್ಟೋ ವರ್ಷದಿಂದ ಸ್ಟೇಜಿಂಗ್ ಮಾಡುತ್ತಿದ್ದೆವು. ನಮಗೆ ನಾವೇ!

ಗೋಡೆಗೆ ಬಣ್ಣ ಹೊಡೆಸಲಿಲ್ಲ. ಮೇಡಂಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದೇ ಬಿಡಿ. ಇಡೀ ಮನೇಲಿ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಇದ್ರೆ ತಿಳಿದವರು ಅಲ್ಲೇ ಬಡಿದು ನೋಡ್ತಾರೆ" ಅಂದರು. ಅವರದು ವ್ಯವಹಾರದ ಮಾತು. ಅದರ ಹಿಂದೆ ದೊಡ್ಡ ಲೆಕ್ಕವೂ ಇದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆ ಇಟ್ಟುಕೊಂಡು ಒಂದು ಲೇಖನ ಬರೆದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲ ಕಾರುಗಳನ್ನೂ ಅನುಮಾನದಿಂದಲೇ ನೋಡಿ ಕಡಿಮೆ ಬೆಲೆ ಹೇಳುತ್ತಾನೆ. ಒಳ್ಳೆಯ ಕಾರಿನವರಿಗೂ ಅದರ ಪೆಟ್ಟು ಬೀಳುತ್ತದೆ ಅನ್ನೋದು ಅದರ ತಿರುಳು. ಮನೆ ವಿಷಯದಲ್ಲೂ ಹಾಗೇ. ಒಂದು ಕಡೆ ಮುಚ್ಚಿಟ್ಟಿದ್ದು ಕಂಡರೆ ಮುಗಿಯಿತು, ತೊಳೆದ ಕಿಟಕಿಯ ಬಿಸಿಲನ್ನೂ ಜನ ನಂಬುವುದಿಲ್ಲ.

ಒಬ್ಬರಿಗೆ ಆ ಗೋಡೆ ತೋರಿಸಿದೆ, ಅವರು ಮತ್ತೆ ಬರಲಿಲ್ಲ. ಇನ್ನೊಬ್ಬರು ಬೆಲೆ ಇಳಿಸಿದರು. ನಾನು ಇದನ್ನು ಸತ್ಯಸಂಧತೆ ಅಂತ ಹೇಳಿಕೊಂಡು ತಿರುಗುವುದಿಲ್ಲ. ಕಪಾಟಿನ ಹಿಂದಿನ ಗೋಡೆ ಕಂಡ ದಿನ ನಾವು ಬೈದ ಬೈಗುಳ ನನಗೆ ಚೆನ್ನಾಗಿ ನೆನಪಿತ್ತು. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲ, ಅಷ್ಟೇ.

ದುಡ್ಡು ಜಾಸ್ತಿ ಬಂತಾ?

ಎಲ್ಲರೂ ಕೇಳೋದು ಇದನ್ನೇ. ನನ್ನ ಬಳಿ ಉತ್ತರ ಇಲ್ಲ. ಸಜ್ಜು ಮಾಡದೆ ಅದೇ ಮನೆಯನ್ನು ಇನ್ನೊಂದು ಸಲ ಮಾರಿ ನೋಡಲು ಆಗುವುದಿಲ್ಲವಲ್ಲ. ಏಜೆಂಟರನ್ನು ಕೇಳಿದರೆ ಹೌದು ಅಂತಲೇ ಹೇಳುತ್ತಾರೆ. ಅಮೆರಿಕದ ಏಜೆಂಟರ ಸಂಘ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಸಜ್ಜು ಮಾಡಿದ ಮನೆಯನ್ನು ತಮ್ಮದೆಂದು ಕಲ್ಪಿಸಿಕೊಳ್ಳುವುದು ಕೊಳ್ಳುವವರಿಗೆ ಸುಲಭ ಎಂದವರು ಶೇ. 81. ಆದರೆ ಅದನ್ನು ಹೇಳಿದವರು ಕೊಳ್ಳುವವರಲ್ಲ, ಏಜೆಂಟರು. ಇದಕ್ಕೆ ಬೇರೆಯೇ ದಿಕ್ಕಿನ ಒಂದು ಅಧ್ಯಯನ 2015ರಲ್ಲಿ ಬಂತು. 820 ಜನಕ್ಕೆ ಒಂದೇ ಮನೆಯನ್ನು ಆರು ಥರ ಮಾಡಿ ಕಂಪ್ಯೂಟರಿನಲ್ಲಿ ತೋರಿಸಿದರು. ಹಿತವಾದ ಬಣ್ಣ ಅಥವಾ ಕಣ್ಣಿಗೆ ಹೊಡೆಯುವ ಬಣ್ಣ. ಒಳ್ಳೆಯ ಪೀಠೋಪಕರಣ, ಕೆಟ್ಟದ್ದು, ಇಲ್ಲವೇ ಖಾಲಿ. ಮನೆ ಇರೋದಕ್ಕೆ ಹಿತವಾಗಿದೆಯಾ ಅನ್ನೋ ಅಭಿಪ್ರಾಯ ಬದಲಾಯಿತು. ಕೊಡಲು ಒಪ್ಪಿದ ಬೆಲೆ ಮಾತ್ರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ನನಗೆ ಇದು ನಂಬುವ ಹಾಗೆ ಕಾಣುತ್ತದೆ. ಜೀವಮಾನದ ದುಡ್ಡು ಹಾಕುವವರು ಹೂದಾನಿ ನೋಡಿ ಜಾಸ್ತಿ ಕೊಡುತ್ತಾರಾ? ಆದರೆ ಹೂದಾನಿ ಇದ್ದ ಮನೆಗೆ ಎರಡನೇ ಸಲ ಬರಬಹುದು. ನಮ್ಮಲ್ಲಿಗೂ ಮೂರು ಕುಟುಂಬ ಎರಡೆರಡು ಸಲ ಬಂದವು.

ನನಗೆ ಸಿಕ್ಕ ಲಾಭ ಬೇರೆ. ಮೊದಲು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ ಕೇಳಿ ಮೇಡಂ ನೀರು ಕುಡಿದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಕಾನೆಮನ್, ನೆಟ್ಶ್, ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಮಾತನ್ನು ಕಾಫಿ ಮಗ್ ಇಟ್ಟುಕೊಂಡು ತೋರಿಸಿತು. ಮಗ್ ಕೈಗೆ ಸಿಕ್ಕ ವಿದ್ಯಾರ್ಥಿಗಳು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು. ಮಗ್ ಅವರ ಕೈಗೆ ಬಂದು ಎಷ್ಟು ಹೊತ್ತಾಗಿತ್ತು? ಸ್ವಲ್ಪವೇ ಹೊತ್ತು. ನಾನು ಆ ಮನೆಯಲ್ಲಿ 11 ವರ್ಷ ಇದ್ದವನು, ಎಷ್ಟು ಪಟ್ಟು ಕೇಳಿರಬೇಡ! ಫೋಟೋ ಇಳಿಸಿ, ಕುರ್ಚಿ ತೆಗೆದು, ನಮ್ಮ ವಾಸನೆಯನ್ನೂ ಕಿಟಕಿಯಾಚೆ ಕಳಿಸಿದ ಮೇಲೆ ಅದು ನನ್ನ ಕಣ್ಣಿಗೂ ಯಾರದೋ ಮನೆಯಾಗಿ ಕಾಣತೊಡಗಿತು. ಯಾರದೋ ಮನೆಗೆ ಎಷ್ಟು ಬೆಲೆ ಅಂತ ಹೇಳುವುದು ಸುಲಭ. ಕೊನೆಗೆ ಒಪ್ಪಿದ ಮೊತ್ತ ನನ್ನ ಮೊದಲ ಲೆಕ್ಕಕ್ಕಿಂತ ಕಡಿಮೆ ಇತ್ತು, ಮೇಡಂ ಅಂದಾಜಿಗೆ ಹತ್ತಿರವಿತ್ತು. ಸಹಿ ಹಾಕುವಾಗ ಕೈ ತಡೆಯಲಿಲ್ಲ. ಮೂರು ವಾರದ ಮುಂಚೆ ಆಗಿದ್ದರೆ ತಡೆಯುತ್ತಿತ್ತು.

ಅಂದಹಾಗೆ 'ಇಲ್ಲಿ ಯಾರಾದ್ರೂ ಇದ್ದಾರಾ' ಅಂತ ಕೇಳಿದವರು ಕೊಳ್ಳಲಿಲ್ಲ. ಕೊಂಡಿದ್ದು ಓದುವ ಕೋಣೆಯಲ್ಲಿ ಕೂತ ಹುಡುಗಿಯ ಅಪ್ಪ. ಬೆಲೆ ಇಳಿಸಿದ್ದೂ ಅವರೇ.

ಹೊಸ ಮನೆಗೆ ಬಂದು ಏಳು ತಿಂಗಳಾಯಿತು. ಅಮ್ಮನ ಕುರ್ಚಿ ಮತ್ತೆ ಕಿಟಕಿಗೆ ಅಡ್ಡ ಬಂದಿದೆ, ಸ್ಟೂಲು, ರೇಡಿಯೊ, ಮಾತ್ರೆ ಡಬ್ಬಿ ಸಮೇತ. ಬೀರು ಮೇಲೆ ಸೂಟ್‌ಕೇಸುಗಳು ಹತ್ತಿ ಕೂತಿವೆ. ಅಡುಗೆಮನೆಯ ನಲ್ಲಿ ಹೋದ ತಿಂಗಳಿಂದ ತೊಟ್ಟಿಕ್ಕುತ್ತಿದೆ. ವಾಷರ್ ತಂದಿಟ್ಟಿದ್ದೇನೆ, ಹಾಕಿಲ್ಲ. ನಿನ್ನೆ ರಾತ್ರಿ ಹೆಂಡತಿ ಅದರ ಕೆಳಗೆ ಒಂದು ಪಾತ್ರೆ ಇಟ್ಟು ಬಂದು ಮಲಗಿದವಳು, ಕತ್ತಲಲ್ಲೇ ಕೇಳಿದಳು: "ಏನ್ರೀ, ಈ ಮನೇನೂ ಮಾರೋಕೆ ಹಾಕೋಣ್ವಾ?"